ಅಂಗೈಗೆ ತಾಗದ ಹಸಿರು ಬೆಳಕು

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನು ಶಹಾಪುರದಿಂದ ದೋರನಹಳ್ಳಿಗೆ ಹೋಗುವ ದಾರಿಯ ಏರ್‌ಸಾಫ್ಟ್ ಮೈದಾನದಲ್ಲಿ ಗೇಟಿನ ಕೆಲಸಕ್ಕೆ ಸೇರಿದೆ. ಅದಕ್ಕೂ ಮೊದಲು ಮೂವತ್ತೆಂಟು ವರ್ಷ ವೆಲ್ಡಿಂಗ್ ಮಾಡಿದವನು. ಶಹಾಪುರ, ಸುರಪುರದ ಕಡೆಯ ಎಷ್ಟೋ ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ನನ್ನ ಕೈಯ ಬೆಸುಗೆ ಇದೆ. ಓದಿದ್ದು ನಾಲ್ಕನೇ ಇಯತ್ತೆ. ಇದನ್ನು ಬರೆಯಲು ಕಾರಣ ನನ್ನ ಮೊಮ್ಮಗಳು ನೀಲಾ. ಅವಳು ಈಗ ಪೊಲೀಸ್ ಕಾನ್‌ಸ್ಟೆಬಲ್. ಇದನ್ನು ಮೊದಲೇ ಹೇಳಿದರೆ ಕಥೆಯ ರುಚಿ ಕೆಡುತ್ತದೆ ಎಂದು ಅವಳೇ ಎಚ್ಚರಿಸಿದ್ದಳು. ನನಗೆ ತಡೆಯಲಾಗಲಿಲ್ಲ.

ಏರ್‌ಸಾಫ್ಟ್ ಎಂದರೆ ಗಾಳಿಯ ಒತ್ತಡದಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕಿನ ಆಟ. ಗುಂಡು ಆರು ಮಿಲಿಮೀಟರ್. ಜೋಳದ ಕಾಳಿಗಿಂತ ದೊಡ್ಡದು, ಕಡಲೆಗಿಂತ ಸಣ್ಣದು. ಮೈಗೆ ಬಿದ್ದರೆ ಚುರ್ ಎನ್ನುತ್ತದೆ, ಅಷ್ಟೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಹಳೆಯ ಹತ್ತಿ ಗಿರಣಿಯ ಬಯಲಿಗೆ ಹಗ್ಗ ಕಟ್ಟಿ, ಡ್ರಮ್ಮು, ಟೈರು ಇಟ್ಟು ಬಸವರಾಜ ಎಂಬ ಹುಡುಗ ಈ ಆಟ ನಡೆಸುತ್ತಿದ್ದ. ಗೇಟಿನಲ್ಲಿ ಗಾಗಲ್ ಕೊಡುವುದು, ಬಂದೂಕು ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಬೋರ್ಡಿನಲ್ಲಿ ಎರಡು ನಿಯಮ ಬರೆದಿತ್ತು: ಹಗ್ಗದೊಳಗೆ ಗಾಗಲ್ ತೆಗೆಯಬಾರದು, ಲೇಸರ್ ಕಟ್ಟಿದ ಬಂದೂಕು ಒಳಗೆ ತರಬಾರದು.

ಮೊದಲ ನಿಯಮ ಮುರಿದದ್ದು ಮರ್ಯಾದೆಯ ಕಾರಣಕ್ಕೆ. ನಮ್ಮ ಕಡೆ ಹಿರಿಯರ ಮುಂದೆ ಕಣ್ಣಿಗೆ ಕನ್ನಡಕ ಏರಿಸಿಕೊಂಡು ನಿಂತರೆ ಸೊಕ್ಕು ಎನ್ನುತ್ತಾರೆ. ನಾನು ನೀರಿನ ಕ್ಯಾನ್ ಹಿಡಿದು ಹಗ್ಗ ದಾಟಿದರೆ ಸಾಕು, ಆಡುವವರೆಲ್ಲ ಗಾಗಲ್ ಹಣೆಗೇರಿಸಿ "ಶರಣ್ರಿ ಮುತ್ಯಾ" ಎನ್ನುವರು. ಒಂದು ದಿನ ಹಾಗೆ ಶರಣು ಹೇಳಿದವನೊಬ್ಬನಿಗೆ ಕಣ್ಣಿನಿಂದ ಒಂದು ಬೆರಳು ಕೆಳಗೆ ಗುಂಡು ಬಿತ್ತು. ಅಂದೇ ಎಲ್ಲರನ್ನೂ ನಿಲ್ಲಿಸಿ ಹೇಳಿದೆ.

"ನನಗ ಶರಣು ಹೇಳಾವ್ರು ಎದಿ ಮ್ಯಾಗ ಕೈ ಇಡ್ರಿ. ಗಾಗಲ್ ಎತ್ತಿದಾವ ನನಗ ಬೈದಂಗ."

"ಮುತ್ಯಾ ಮಿಲ್ಟ್ರಿ ಸೆಲ್ಯೂಟ್ ಕಲಸಾಕತ್ತಾನ ನೋಡ್ರೋ" ಎಂದು ನಕ್ಕರು. ಆದರೆ ಕಲಿತರು.

ಗಾಗಲ್ ಮೇಲೆ ನನಗೆ ಬಲು ನಂಬಿಕೆ. ಹತ್ತಿಕಾಳಿನ ಚೀಲಕ್ಕೆ ಒಂದನ್ನು ಕಟ್ಟಿ ಮೂರು ಅಡಿಯಿಂದ ಇಪ್ಪತ್ತು ಗುಂಡು ಹೊಡೆದು ನೋಡಿದ್ದೆ, ಗೀರೂ ಬೀಳಲಿಲ್ಲ. ಬಜಾರಿನ ತಂಪು ಕನ್ನಡಕ ಎರಡನೇ ಗುಂಡಿಗೇ ಸೀಳಿತು. ಈ ನಂಬಿಕೆಯೇ ಮುಂದೆ ನನ್ನನ್ನು ಕೆಡಿಸಿತು.

ನೀಲಾ ಭಾನುವಾರ ಅಲ್ಲಿ ಸೀಟಿ ಊದುವ ಅಂಪೈರ್. ಪೊಲೀಸ್ ಭರ್ತಿಯ ಓಟ, ಬರವಣಿಗೆ ಎಲ್ಲ ಮುಗಿಸಿದ್ದಳು. ವೈದ್ಯಕೀಯ ತಪಾಸಣೆಯೊಂದು ಮಾತ್ರ ಉಳಿದಿತ್ತು. ಅದಕ್ಕೆ ಹತ್ತು ದಿನ ಇರುವಾಗ ಒಂದು ಭಾನುವಾರ ಕೆಂಭಾವಿಯ ಮೌನೇಶ ಆಡಲು ಬಂದ. ಮೊಬೈಲ್ ರಿಪೇರಿ ಅಂಗಡಿಯವನು. ಬಂದೂಕಿಗೆ ಬೆರಳುದ್ದದ ಹಸಿರು ಲೇಸರ್ ಟೇಪಿನಿಂದ ಸುತ್ತಿದ್ದ.

"ಇದು ಒಳಗ ಬರಂಗಿಲ್ಲಪಾ" ಎಂದೆ.

"ಮುತ್ಯಾ, ಸಂತ್ಯಾಗ ಹುಡುಗೂರು ಆಡೋ ಲೈಟ್ ರಿ ಇದು. ನೀವು ವೆಲ್ಡಿಂಗ್ ಬೆಂಕಿ ನೋಡಿದಾವ್ರು, ಇದಕ್ಕ ಅಂಜತೀರೇನು?"

ಆ ಮಾತು ನನ್ನನ್ನು ಉಬ್ಬಿಸಿತು. ಬೆಳಕನ್ನು ಅಂಗೈ ಮೇಲೆ ಬಿಟ್ಟು ಹಿಡಿದೆ. ಬಿಸಿ ಇಲ್ಲ, ಚುರುಕಿಲ್ಲ. ವೆಲ್ಡಿಂಗ್ ಕಿಡಿ ಅಂಗೈ ಸುಡುತ್ತದೆ, ಇದು ಸುಡುವುದಿಲ್ಲ. ಮೇಲೆ ಗಾಗಲ್ ಇದ್ದೇ ಇದೆ. "ಮುಖದ ಮ್ಯಾಗ ಬಿಡಬ್ಯಾಡ" ಎಂದು ಒಳಗೆ ಬಿಟ್ಟೆ.

ಮೂರನೇ ಸುತ್ತಿನಲ್ಲಿ ಮೌನೇಶ ಡ್ರಮ್ಮಿನ ಮರೆಯಿಂದ ಎದ್ದ. ಎದುರಿಗೆ ಐದಾರು ಮಾರು ದೂರದಲ್ಲಿ ನೀಲಾ. ಹಸಿರು ಚುಕ್ಕೆ ಅವಳ ಎಡಗಣ್ಣಿನ ಮೇಲೆ ನಿಂತು ಸರಿಯಿತು. ಅವಳು ಉದ್ದನೆಯ ಸೀಟಿ ಊದಿದಳು. ಆಟ ನಿಂತಿತು. ಗಾಗಲ್ ಕಣ್ಣಮೇಲೇ ಇತ್ತು.

"ಏನಾಗಂಗಿಲ್ಲ, ಕಣ್ಣಿಗೆ ಗಾಗಲ್ ಇತ್ತಲ್ರಿ" ಎಂದ ಮೌನೇಶ. ನನಗೂ ಹಾಗೇ ಅನ್ನಿಸಿತು. ನೀಲಾಳನ್ನು ಗೇಟಿನ ಹೊರಗೆ ಕರೆತಂದೆ. ಅವಳು ಬಲಗಣ್ಣು ಮುಚ್ಚಿ ನನ್ನನ್ನು ನೋಡಿದಳು.

"ಮುತ್ಯಾ, ನಿನ್ನ ಕಿವಿ ಕಾಣಾಕತ್ತಾವ. ಮೂಗು ಕಾಣವಲ್ದು."

ನನ್ನ ಮೂಗು ನಮ್ಮ ಓಣಿಗೇ ದೊಡ್ಡದು. ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಯಾದಗಿರಿಯ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಕರೆಯದಿದ್ದರೂ ಮೌನೇಶ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ಬಹಳ ಹೊತ್ತು ನೋಡಿದರು.

"ಈಕಿಗೆ ನೋವು ಒಂದೀಟೂ ಇಲ್ರಿ ಮೇಡಂ" ಎಂದೆ.

"ಕಣ್ಣಿನ ಹಿಂದಿನ ಪರದಿಗೆ ನೋವು ಗೊತ್ತಾಗಂಗಿಲ್ಲ ಅಜ್ಜಾರ. ನೋವಿಲ್ಲ ಅಂತ ಪೆಟ್ಟಿಲ್ಲ ಅನಬ್ಯಾಡ್ರಿ."

"ಗಾಗಲ್ ಹಾಕಿದ್ಳರಿ."

"ಗಾಗಲ್‌ದಾಗಿಂದ ಆಕಿಗೆ ನೀವು ಕಾಣ್ತಿದ್ರೋ ಇಲ್ಲೋ? ನಿಮ್ಮನ್ನ ತೋರಿಸೋ ಗಾಜು ಆ ಬೆಳಕನ್ನೂ ಒಳಗ ಬಿಡತದ. ಅದು ಗುಂಡು ತಡೀತದ, ಲೇಸರ್ ತಡಿಯಂಗಿಲ್ಲ. ಕಣ್ಣಿನೊಳಗಿನ ಮಸೂರ ಆ ಬೆಳಕನ್ನ ಒಂದು ಚುಕ್ಕಿ ಮಾಡಿ ಪರದಿ ಮ್ಯಾಗ ಇಡತದ. ಅಂಗೈಯಾಗ ಮಸೂರ ಎಲ್ಲದ?"

ಅಂಗೈಯ ವಿಷಯ ಅವರಿಗೆ ನಾನೇ ಹೇಳಿದ್ದೆ. ಲೇಸರನ್ನು ಗೇಟಿನೊಳಗೆ ಬಿಟ್ಟವನು ನಾನೇ ಎಂದೂ ಹೇಳಿದ್ದೆ.

ಪರದೆಯ ನಡುವೆ ಸಣ್ಣ ಬಾವು ಇದೆ, ಇಳಿಯುತ್ತದೋ ಕಾದು ನೋಡೋಣ ಎಂದು ಅವರು ಚೌಕಳಿ ಗೆರೆಗಳ ಒಂದು ಕಾಗದ ಕೊಟ್ಟರು. ನಡುವೆ ಒಂದು ಚುಕ್ಕೆ. ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಚುಕ್ಕೆ ನೋಡಬೇಕು. ಗೆರೆ ಸೊಟ್ಟಗಾದರೆ, ಮಸುಕಾದರೆ ಹೇಳಬೇಕು. ಕಾಗದವನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದೆವು. ಮೊದಲ ದಿನ ನಡುವಿನ ನಾಲ್ಕು ಚೌಕ ಇರಲೇ ಇಲ್ಲ. ಮೂರನೇ ದಿನ ಬಂದವು, ಆದರೆ ಸೊಟ್ಟ. ನಾನು ಬಸವರಾಜನ ಬಳಿ ಹೋಗಿ ಕೆಲಸ ಬಿಡುತ್ತೇನೆ ಎಂದೆ.

"ನೀವು ಹೋದ್ರ ಇನ್ನೊಬ್ಬ ಬರ್ತಾನ, ಅವನೂ ಅಂಗೈ ಮ್ಯಾಗ ಹಿಡಿದು ನೋಡ್ತಾನ. ನೀವು ಮತ್ತ ನೋಡಂಗಿಲ್ಲ. ಕುಂದರ್ರಿ" ಎಂದ.

ಆರನೇ ದಿನ ನಾನು ಚಹಾ ಸೋಸುತ್ತಿದ್ದೆ. ನೀಲಾ ಬಾಗಿಲ ಮುಂದೆ ನಿಂತು ಬಲಗಣ್ಣು ಮುಚ್ಚಿ ಚುಕ್ಕೆ ನೋಡಿದಳು.

"ಮುತ್ಯಾ, ಗೆರಿ ನೆಟ್ಟಗ ಅದಾವ."

"ಎಲ್ಲಾ?"

"ಎಲ್ಲಾ. ಚಹಾ ಚೆಲ್ಲಾಕತ್ತದ ನೋಡು."

ವೈದ್ಯಕೀಯ ತಪಾಸಣೆಯಲ್ಲಿ ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಎರಡೂ ಕಣ್ಣಿಂದ ಓದಿದಳು. ಪಾಸಾದ ಸುದ್ದಿಯನ್ನು ನಾನು ಗೋಗಿಗೆ ಹೋಗುವ ಆಟೋದಲ್ಲಿ ಕೂತವರಿಗೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಒಬ್ಬಾಕೆ ಇಳಿಯುವ ಜಾಗವನ್ನೇ ದಾಟಿ ಬಂದು ನನ್ನನ್ನು ಬೈದಳು. ಆ ಬೈಗುಳವೂ ಚೆನ್ನಾಗಿತ್ತು.

ಗೇಟಿನಲ್ಲಿ ಈಗ ಒಂದು ತಗಡಿನ ಡಬ್ಬಿ ಇದೆ. ಲೇಸರ್ ಇದ್ದರೆ ಬಿಚ್ಚಿ ಅದರಲ್ಲಿ ಹಾಕಿ ಒಳಗೆ ಹೋಗಬೇಕು. ಮೊದಲು ಬಿದ್ದದ್ದು ಮೌನೇಶನದು. ಅವನು ಅದನ್ನು ವಾಪಸು ಕೇಳಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಒಂದು ಕಸುಬಿನಲ್ಲಿ ತಲೆ ನರೆತ ಮಾತ್ರಕ್ಕೆ ಇನ್ನೊಂದರ ನಿಯಮವನ್ನು ನನ್ನ ಕೈಯಿಂದ ಅಳೆಯಬಾರದು.

ತರಬೇತಿ ಮುಗಿಸಿ ಬಂದ ಮೊದಲ ಭಾನುವಾರ ನೀಲಾ ಮೈದಾನಕ್ಕೆ ಬಂದಳು, ಈ ಸಲ ಆಡುವುದಕ್ಕೆ. ಗಾಗಲ್ ಕೊಟ್ಟೆ. ಹಾಕಿಕೊಂಡು ಹಗ್ಗ ದಾಟಿದಳು, ತಿರುಗಿ ನಿಂತಳು, ಎದೆಯ ಮೇಲೆ ಕೈ ಇಟ್ಟಳು.

"ಶರಣ್ರಿ ಮುತ್ಯಾ."

ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಅವಳ ಕಣ್ಣು ನನಗೆ ಕಾಣಲಿಲ್ಲ. ಅವಳಿಗೆ ನನ್ನ ಮೂಗು ಕಾಣುತ್ತಿತ್ತು, ಸಾಕು.