ಹೊಗೆ ಅಳೆಯಲು ನಿಂತ ದಿನ

ಯಾವ ಗಾಡಿ ಎಷ್ಟು ಹೊಗೆ ಬಿಡುತ್ತದೆ ಎಂದು ಅಳೆಯುವ ಸಂಶೋಧನೆಗೆ ನನ್ನನ್ನು ಮೋಟೆಬೆನ್ನೂರಿನ ರಸ್ತೆಬದಿಯಲ್ಲಿ ಒಂದು ಯಂತ್ರದ ಜೊತೆ ನಿಲ್ಲಿಸಿದ್ದರು. ಗಾಡಿ ಅದರ ಎದುರು ಹಾದುಹೋದರೆ ಸಾಕು, ಹೊಗೆಯ ಲೆಕ್ಕ ಸಿಗುತ್ತದೆ. ದಂಡವಿಲ್ಲ, ಬರೀ ಅಳತೆ. ಆದರೂ ಯಂತ್ರ ಕಂಡವರೆಲ್ಲ ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಬೆಳಗಿನಿಂದ ಒಂದೂ ಅಳತೆ ಸಿಕ್ಕಿರಲಿಲ್ಲ.

ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಣ್ಣುಮಕ್ಕಳ ಟಂಟಂ ಆಟೋ ಬಂತು. ಚಾಲಕ ದೂರದಲ್ಲೇ ಎಂಜಿನ್ ಆರಿಸಿದ. ಹೆಣ್ಣುಮಕ್ಕಳು ಇಳಿದು ತಳ್ಳತೊಡಗಿದರು.

"ಚಾಲೂ ಮಾಡೋ ತಮ್ಮಾ, ದಂಡ ಹಾಕಂಗಿಲ್ಲ," ಎಂದೆ.

"ಹಿಂದ ಬಂದವ್ರೂ ಹಂಗ ಅಂದಿದ್ರು ಬಿಡ್ರಿ ಅಜ್ಜಾರ," ಎಂದ.

ತಳ್ಳುತ್ತಿದ್ದವರಲ್ಲಿ ಹಿರಿಯಳು ಏದುಸಿರಿನಲ್ಲೇ ಹೇಳಿದಳು: "ತಡ ಆದ್ರ ನಮ್ಮನ್ನ ಒಳಗ ಬಿಡಂಗಿಲ್ಲ, ಇವತ್ತಿನ ಕೂಲಿ ಹೋಗ್ತೈತಿ. ನೋಡ್ಕೋತ ನಿಂತೀರಲ್ಲ, ಒಂದ್ ಕೈ ಹಚ್ರಿ."

ಹಚ್ಚಿದೆ. ಯಂತ್ರ ದಾಟಿ ಬಹಳ ದೂರ ತಳ್ಳಿದೆವು. ಅವರು ಹತ್ತಿ ಕುಳಿತರು, ಚಾಲಕ ಎಂಜಿನ್ ಚಾಲೂ ಮಾಡಿದ. ಕರಿ ಹೊಗೆಯೆಲ್ಲ ಹಿಂದೆ ನಿಂತಿದ್ದ ನನ್ನ ಮೇಲೇ ಬಂತು.

ಯಂತ್ರದ ಪ್ರಕಾರ ಆ ಗಾಡಿಗೆ ಹೊಗೆಯೇ ಇಲ್ಲ. ಮಸಿ ಹಿಡಿದ ನನ್ನ ಬಿಳಿ ಅಂಗಿಯನ್ನು ಸಂಶೋಧನೆಯವರು ಕೇಳಲಿಲ್ಲ.