ಅಕ್ಕನ ಕೈಯಿಂದ ನಾನು ಬಿಡಿಸಿಕೊಂಡ ಕ್ಯಾಮೆರಾ

ಅಕ್ಕಾ, ಫೋಟೊಗಳು ಕೆಟ್ಟದ್ದು ನಿನ್ನ ಕೈಯ ದೋಷದಿಂದಲ್ಲ. ನಾನು ನಿನಗೆ ಸುಳ್ಳು ಹೇಳಿದ್ದೆ. ನೀನು ಬದುಕಿದ್ದಾಗ ಆಡಬೇಕಾಗಿದ್ದ ಮಾತು ಇದು — ಈಗ ಆಡುತ್ತಿದ್ದೇನೆ, ಕೇಳಲು ನೀನಿಲ್ಲ.

ನೀನು ಮರಳಿ ಎಂಬ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನದು ಗಂಗಾವತಿಯಲ್ಲಿ ಫೋಟೊ ಸ್ಟುಡಿಯೊ. ಕ್ಯಾಮೆರಾ ಹಿಡಿಯುವುದನ್ನು ನಿನಗೆ ಕಲಿಸಿದವನು ನಾನೇ. ಆದರೆ ನಾನು ಮದುವೆ, ಸೀಮಂತಗಳಲ್ಲೇ ಉಳಿದೆ. ನೀನು ಭತ್ತದ ಗದ್ದೆಯ ಬದುವಿನಲ್ಲಿ ಮೊಣಕಾಲೂರಿ, ಮಕ್ಕಳಿಗೆ ತೋರಿಸಲೆಂದು ಜೇಡದ ಕಾಲಿನ ಕೂದಲನ್ನೂ ಏರೋಪ್ಲೇನ್ ಚಿಟ್ಟೆಯ ಕಣ್ಣನ್ನೂ ಫೋಟೊದಲ್ಲಿ ಹಿಡಿದು ತಂದೆ. ಅವನ್ನು ನಾನೇ ಹೆಮ್ಮೆಯಿಂದ ಸ್ಟುಡಿಯೊದ ಗೋಡೆಗೆ ಹಾಕಿದ್ದೆ. ಬಟ್ಟೆ ಅಂಗಡಿಯ ಖಾದರಸಾಬರು ಒಂದು ದಿನ ಅವನ್ನು ನೋಡುತ್ತ ನಿಂತು, "ನಿಮ್ಮ ಅಕ್ಕಾರು ನಿಮ್ಮನ್ನ ಮೀರಿಸ್ಯಾರ ಬಿಡ್ರಿ" ಅಂದರು. ನಾನು ನಕ್ಕೆ. ನನಗೆ ಹೊಟ್ಟೆಕಿಚ್ಚಾಗಿತ್ತು ಎಂದು ಆಗ ಒಪ್ಪಿಕೊಂಡಿರಲಿಲ್ಲ.

ಅದೇ ದಿನಗಳಲ್ಲಿ ನೀನು ಬಂದೆ.

"ತಮ್ಮಾ, ನನ್ನ ಕೈ ಸ್ವಲ್ಪ ನಡಗಾಕತ್ತೈತಿ. ಈ ಸಣ್ಣ ಸೆನ್ಸರಿನ ಕ್ಯಾಮೆರಾ ಸಾಕೋ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ತಗೊಳ್ಳಲೋ? ನೀ ಹೆಂಗ ಹೇಳ್ತಿ ಹಂಗ."

ಉತ್ತರ ನನಗೆ ಗೊತ್ತಿತ್ತು. ನಿನ್ನ ಕ್ಯಾಮೆರಾ ಹಗುರ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಾದ್ದರಿಂದ ಅದರಲ್ಲಿ ಇರುವೆಯೂ ಚೌಕಟ್ಟಿನ ತುಂಬ ಕೂಡುತ್ತಿತ್ತು. ಫುಲ್ ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿ ಹಿಡಿಯಬೇಕೆಂದರೆ ಇನ್ನೂ ಹತ್ತಿರ ಹೋಗಬೇಕು, ಭಾರ ಹೊರಬೇಕು, ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಸುಕು. ಬೆಳಕು ಕಡಿಮೆಯಿರುವ ಮದುವೆ ಮಂಟಪದಲ್ಲಿ ನನಗೆ ಅದು ವರ. ನಡುಗುವ ನಿನ್ನ ಕೈಗೆ... ಎಲ್ಲ ಗೊತ್ತಿದ್ದೂ ಹೇಳಿದೆ:

"ಸಣ್ಣ ಸೆನ್ಸರಿಂದು ಹುಡುಗಾಟಿಕಿ ಅಕ್ಕಾ. ಫುಲ್ ಫ್ರೇಮ್ ತಗೋ. ಇದನ್ನ ನನಗ ಕೊಟ್ಟುಬಿಡು."

ನೀನು ಒರೆಸಿ, ಲೆನ್ಸಿನ ಸಮೇತ ಕೊಟ್ಟುಬಿಟ್ಟೆ.

ಮುಂದಿನ ಮಳೆಗಾಲಕ್ಕೆ ನೀನು ಹೊಸ ಕ್ಯಾಮೆರಾದ ಚಿತ್ರಗಳನ್ನು ತಂದೆ. ಒಂದೂ ನೆಟ್ಟಗಿರಲಿಲ್ಲ. "ಕ್ಯಾಮೆರಾ ಛಲೋ ಐತಿ, ನನ್ನ ಕೈಯ ಸರಿ ಇಲ್ಲ ನೋಡು" ಎಂದು ನೀನು ಅಂದೆ. ಅಲ್ಲ, ನನ್ನ ಮಾತು ಸರಿಯಿರಲಿಲ್ಲ ಎನ್ನಬಹುದಿತ್ತು. ಹಳೆಯ ಕ್ಯಾಮೆರಾ ಅಲ್ಲೇ ಕಪಾಟಿನಲ್ಲಿತ್ತು. ನಾನು ಅಂದದ್ದು — "ವಯಸ್ಸಾತಲ್ಲ ಅಕ್ಕಾ." ಮೊದಲನೆಯ ಸುಳ್ಳಿಗಿಂತ ಇದೇ ದೊಡ್ಡದು. ನೀನು ತಲೆಯಾಡಿಸಿದೆ. ಆಮೇಲೆ ನೀನು ಬದುವಿಗೆ ಹೋಗಲಿಲ್ಲ.

ನಿನ್ನ ಕ್ಯಾಮೆರಾದಿಂದಲೇ ನಾನು ತೆಗೆದ ಜೇಡದ ಚಿತ್ರಕ್ಕೆ ಕೊಪ್ಪಳದ ಫೋಟೊ ಸ್ಪರ್ಧೆಯಲ್ಲಿ ಬಹುಮಾನ ಬಂತು. ಎದುರಿನ ಸಾಲಿನಲ್ಲಿ ಕುಳಿತು ನೀನು ಚಪ್ಪಾಳೆ ತಟ್ಟಿದೆ. "ನೀ ತಗದ್ರೂ ಒಂದ, ನಾ ತಗದ್ರೂ ಒಂದ" ಎಂದು ನೀನೇ ಅಂದೆ. ಆಗಲೂ ನಾನು ನಿಜ ಹೇಳಲಿಲ್ಲ.

ನೀನು ತೀರಿಹೋದ ಮೇಲೆ, ಮಾತನಾಡಿಸಲು ಬಂದವರಿಗೆ ನಿನ್ನ ಮಗಳು ಸುನೀತಾ ಹೇಳುತ್ತಿದ್ದಳು: "ಅವ್ವಗ ಫೋಟೊ ಅಂದ್ರ ಜೀವ. ಕೈ ಬರಲಿಲ್ಲ, ಬಿಟ್ಲು." ನನ್ನ ಸುಳ್ಳು ನಿನ್ನ ಮಗಳ ಬಾಯಲ್ಲಿ ನಿನ್ನ ಕಥೆಯಾಗಿತ್ತು. ಅದನ್ನು ಕೇಳಿಕೊಂಡು ನಿಲ್ಲಲಾಗಲಿಲ್ಲ. ಬಂದವರೆಲ್ಲ ಹೋದ ಮೇಲೆ ಅವಳನ್ನು ಕೂಡಿಸಿಕೊಂಡು ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. "ಅವ್ವ ಇದ್ದಾಗ ಯಾಕ ಹೇಳಲಿಲ್ಲ ಮಾಮಾ?" ಎಂದು ಕೇಳಿದಳು.

ನನ್ನ ಉತ್ತರಕ್ಕೂ ಕಾಯಲಿಲ್ಲ, ಅಕ್ಕಾ. ಅವಳು ಎದ್ದು ಒಳಗೆ ಹೋದಳು.