ಒಂಬತ್ತು ಇಂಚಿನ ಗೋಡೆಯ ಆಚೆ

ನಾನು ಇಷ್ಟು ಆಯುಷ್ಯದಲ್ಲಿ ಕೊನೆಯ ಪುಟದವರೆಗೆ ಓದಿದ ಕತೆಪುಸ್ತಕ ಒಂದೇ ಒಂದು. ಅದೂ ಮಕ್ಕಳದ್ದು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಖಾನಾಪುರದ ಹಂಚಿನ ಭಟ್ಟಿಗೆ ಹೋದವನು ನಾನು, ಆಮೇಲೆ ಗವಂಡಿಯಾದೆ. ಬೆಳಗಾವಿಯ ಹಿಂದವಾಡಿಯಲ್ಲಿ ನಾನು ಕಟ್ಟಿದ ಗೋಡೆಗಳಿಗೆ ಇವತ್ತು ಬೇಕಾದರೂ ನೂಲು ಬಿಟ್ಟು ನೋಡಿ, ಕೂದಲೆಳೆಯಷ್ಟು ಸೊಟ್ಟ ಸಿಕ್ಕರೆ ಹೇಳಿ. ನಾಚಿಕೆ ಇರುವುದು ಆ ಪುಸ್ತಕವನ್ನು ತಡವಾಗಿ ಓದಿದ್ದಕ್ಕೆ.

ಅದು ನನ್ನ ಮಗಳು ನೀಲಾಳಿಗೆ ಶಾಲೆಯಲ್ಲಿ ಬಂದ ಬಹುಮಾನ. ಆಗ ಅವಳಿಗೆ ಹತ್ತು ವರ್ಷ. ಸಂಜೆಯ ಬಸ್ಸಿಗೆ ಬೆಳಗಾವಿಯಿಂದ ಬಂದು ನಾನು ಊಟಕ್ಕೆ ಕೂತರೆ ಸಾಕು, ಅಂದು ಓದಿದ್ದನ್ನು ಎದುರಿಗೆ ಕೂತು ಹೇಳುವಳು. ಒಬ್ಬ ಹುಡುಗಿ ಅಜ್ಜಿಯ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡಿನೊಳಗೆ ಕೈ ಹಾಕುತ್ತಾಳೆ. ಕೈ ಒಳಗೊಳಗೇ ಹೋಗುತ್ತದೆ, ಹಿಂದೆಯೇ ಅವಳೂ. ಆಚೆ ಇನ್ನೊಂದು ಲೋಕ.

"ಗ್ವಾಡಿ ಎಷ್ಟ ದಪ್ಪ ಐತಿ?" ಎಂದೆ.

"ಅದನ್ನ ಬರದಿಲ್ಲಪಾ."

"ಬರೀಬೇಕಲ್ಲಾ! ಒಂಬತ್ತ ಇಂಚಿನ ಗ್ವಾಡ್ಯಾಗ ಆರ ಇಂಚ ಗೂಡ ಹೋದ್ರ ಉಳಿಯೂದು ಮೂರ ಇಂಚ. ಅದರಾಗ ನಿನ್ನ ಲೋಕ ಎಲ್ಲಿ ಕುಂದರತೈತಿ? ಆ ಕಡೆ ಬಾಜೂ ಮನಿ ಬಚ್ಚಲ ಇರತೈತಿ."

ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಕೂಸು ಕತಿ ಹೇಳಾಕತ್ತೈತಿ, ನೀವೇನ ಎಸ್ಟಿಮೇಟ ಕೊಡಾಕತ್ತೀರಿ?" ಎಂದಳು.

ನಾನು ನಕ್ಕೆ. ನನ್ನ ಜಾಣತನಕ್ಕೆ ನಾನೇ ನಕ್ಕೆ. ಮರುದಿನವೂ ಬಿಡಲಿಲ್ಲ. ಆ ಲೋಕದವರು ಮಾತನ್ನು ಕೊಡದಲ್ಲಿ ತುಂಬಿಡುತ್ತಾರಂತೆ. ಕೊಡ ಸೋರುವುದಿಲ್ಲವೇನು, ಎಂದು ಕೇಳಿದೆ. ಶಾಲೆ ಬಿಟ್ಟವನಿಗೆ ಒಂದು ಹಟ ಇರುತ್ತದೆ ನೋಡಿ, ಪುಸ್ತಕದ ಕೈಯಲ್ಲಿ ಮಾತ್ರ ಮೋಸ ಹೋಗಬಾರದು ಅಂತ. ನಾಲ್ಕನೆಯ ದಿನ ನೀಲಾ ಕತೆ ಹೇಳಲು ಬರಲಿಲ್ಲ. ಬರಲಿಲ್ಲವೆಂಬುದು ನನ್ನ ಗಮನಕ್ಕೆ ಬಂದದ್ದು ಎಷ್ಟೋ ದಿನಗಳ ಮೇಲೆ.

ಕಳೆದ ಮಳೆಗಾಲದಲ್ಲಿ ಕೆಲಸ ನಿಂತು ಮನೆಯಲ್ಲಿ ಕೂತಾಗ ಟ್ರಂಕಿನಲ್ಲಿ ಆ ಪುಸ್ತಕ ಸಿಕ್ಕಿತು. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದೆ. ಎರಡನೆಯ ಪುಟದಲ್ಲೇ ಅಜ್ಜಿ ಗೋಡೆಗೆ ಕೆಮ್ಮಣ್ಣು ಬಳಿಯುತ್ತಿದ್ದಾಳೆ. ಬೆರಳು ಅಲ್ಲೇ ನಿಂತಿತು. ಅಂದರೆ ಮಣ್ಣಿನ ಗೋಡೆ! ನಮ್ಮ ಖಾನಾಪುರದ ಹಳೆಯ ಮನೆಗಳಂತೆ ಎರಡು ಮೊಳ ದಪ್ಪದ್ದು. ಅದರಲ್ಲಿ ಒಂದು ಲೋಕವೇನು, ಬೀಗರ ಸಮೇತ ಒಂದು ಊರೇ ಅಡಗೀತು. ಈಗ ನಾನು ಕಟ್ಟುವ ಗೋಡೆಗಳಿಗೆ ಈ ಕಡೆ ಮೊಳೆ ಹೊಡೆದರೆ ಆ ಕಡೆಯ ಕ್ಯಾಲೆಂಡರ್ ಬೀಳುತ್ತದೆ. ಅಜ್ಜಿಯ ಮನೆಗೆ ಇಟ್ಟಂಗಿಯ ಗೋಡೆ ಕಟ್ಟಿ ಕೂತವನು ನಾನೇ. ಗವಂಡಿಯಾಗಿಯೂ ತಪ್ಪಿದೆ, ಅಪ್ಪನಾಗಿಯೂ ತಪ್ಪಿದೆ.

ಕತೆಯ ಆ ಹುಡುಗಿ ಗೋಡೆಯಾಚೆ ಏಳು ವರ್ಷ ಇದ್ದು ಮರಳಿದರೆ, ಇಲ್ಲಿ ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರುವುದಿಲ್ಲ. ನನ್ನದು ಉಲ್ಟಾ. ನಾನು ಪುಸ್ತಕದೊಳಗೆ ಹೋಗಿ ಬಂದದ್ದು ಒಂದೇ ಮಳೆಗಾಲ, ಹೊರಗೆ ನೀಲಾ ಕತೆ ನಿಲ್ಲಿಸಿ ಮೂರು ವರ್ಷ ಆಗಿಹೋಗಿದ್ದವು.

ಮುಗಿಸಿದ ದಿನವೇ ನೀಲಾಳ ಹತ್ತಿರ ಹೋದೆ. "ಆ ಗ್ವಾಡಿ ಮಣ್ಣಿಂದ ಐತವ್ವಾ! ನಂದ ತಪ್ಪಿತ್ತು."

ತಾನು ಓದುತ್ತಿದ್ದ ದಪ್ಪ ಪುಸ್ತಕದಿಂದ ತಲೆ ಎತ್ತಿದಳು. "ಯಾವ ಗ್ವಾಡಿ, ಅಪ್ಪಾ?"

ಹೇಳಿದೆ. "ಅಯ್ಯ, ಅದಾ? ಅದು ಸಣ್ಣ ಹುಡುಗುರ ಪುಸ್ತಕಪಾ," ಎಂದು ನಕ್ಕಳು.

"ಈಗ ಓದಾಕತ್ತೀಯಲ್ಲಾ, ಅದರಾಗ ಏನೈತಿ? ಹೇಳ. ನಾ ನಡುವ ಬಾಯಿ ಹಾಕೂದಿಲ್ಲ."

"ನಾಳೆ ಹೇಳ್ತೇನಿ," ಎಂದವಳೇ ಮತ್ತೆ ಪುಟಕ್ಕೆ ಬಗ್ಗಿದಳು.

ನಾಳೆ! ನಾನೆಷ್ಟೇ ದುಡಿಮೆಗಾರನಾಗಿರಲಿ, ಎಷ್ಟು ಮಾಲಕರಿಗೆ ಈ ಮಾತು ಹೇಳಿ ಬಸ್ಸು ಹತ್ತಿದ್ದೇನೋ. ಗವಂಡಿಯ ನಾಳೆ ಎಂಥದೆಂದು ಅವರಿಗೂ ಗೊತ್ತಿತ್ತು. ಆದರೂ ಪಾಪ, ಮರುದಿನ ಬೆಳಿಗ್ಗೆ ಗೇಟಿನಲ್ಲಿ ನಿಂತು ದಾರಿ ಕಾಯುತ್ತಿದ್ದರು. ನಂಬಿಕೆಯಿಂದಲ್ಲ, ಅರ್ಧ ಕಟ್ಟಿದ ಮನೆಯನ್ನು ಬಿಟ್ಟು ಎಲ್ಲಿ ಹೋಗುತ್ತಾರೆ?

ಮರುದಿನ ನಾನು ಬಹಳ ನಿಧಾನವಾಗಿ ಊಟ ಮಾಡಿದೆ.